ಇದ್ದಿಲ ಚುಕ್ಕೆಯ ಮೊಟ್ಟೆ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡದ ಕಾಲದಲ್ಲಿ, ಒಂದೂರಲ್ಲಿ ಒಬ್ಬ ಅವ್ವ ಇದ್ದಳಂತೆ. ಅವಳಿಗೆ ಮೂರು ಮಕ್ಕಳು, ಬೋರ, ಮಾಯಿಗ, ಕೊನೆಯವಳು ನಿಂಗಿ. ಅವ್ವ ಮದುವೆಯಾಗಿ ಬರುವಾಗ ತವರಿಂದ ಬುಟ್ಟಿಯಲ್ಲಿ ಒಂದು ಕರಿ ಹೇಂಟೆ ಕೋಳಿ ತಂದಿದ್ದಳಂತೆ. ಅದರ ಮಗಳು, ಮೊಮ್ಮಗಳು ಅಂತ ಆ ತಳಿ ಅವರ ಮನೆಯಲ್ಲೇ ನಡಕೊಂಡು ಬಂದಿತ್ತು, ಊರಲ್ಲಿ ಇನ್ಯಾರ ಹತ್ತಿರವೂ ಇರಲಿಲ್ಲ. ಹೇಂಟೆಯ ಕೊಕ್ ಕೊಕ್, ಅವ್ವನ ಬಾ ಬಾ, ಎರಡೂ ಒಟ್ಟಿಗೆ ಕಿವಿಗೆ ಬಿದ್ದರೇನೇ ನಿಂಗಿಗೆ ಬೆಳಗಾಗುತ್ತಿದ್ದದ್ದು.

ಒಂದು ಸಲ ಹೇಂಟೆ ಕಾವಿಗೆ ಕೂತಿತು. ಪಕ್ಕದ ಮನೆ ಚೌಡತ್ತೆ ಬಂದು, ನನ್ನ ಕೋಳಿಗೆ ಕೂರೋ ಬುದ್ಧಿನೇ ಇಲ್ಲ ಕಣೆ, ನನ್ನ ಮೊಟ್ಟೇನೂ ಇದರ ಕೆಳಗಿಡು ಅಂದಳಂತೆ. ಅವ್ವ ತನ್ನ ಮೂರು ಮೊಟ್ಟೆಗೆ ಇದ್ದಿಲಿಂದ ಚುಕ್ಕೆ ಇಟ್ಟು, ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಒಟ್ಟಿಗೆ ಇಟ್ಟಳಂತೆ. ಆಮೇಲೆ ಮರಿ ಹೊರಬರೋ ಮೊದಲೇ ಅವ್ವ ಜ್ವರ ಬಂದು ತೀರಿಹೋದಳಂತೆ.

ಆಮೇಲೆ ಮರಿ ಆದವು. ಅವತ್ತೇ ಮುಂಗುಸಿ ನುಗ್ಗಿತು, ಮರಿಗಳಿಗೆ ಅಡ್ಡ ನಿಂತ ಹೇಂಟೆಯನ್ನು ಕತ್ತು ಕಚ್ಚಿ ಎಳಕೊಂಡು ಹೋಯಿತಂತೆ. ಮಾರನೇ ದಿನ ಚೌಡತ್ತೆ ಬಂದು, ನನ್ನ ಮರಿ ಕೊಡ್ರಪ್ಪ ಅಂದಳು. ಚುಕ್ಕೆ ನೋಡಿ ಕೊಡೋಣ ಅಂತ ಬೋರ ಬುಟ್ಟಿ ತಡಕಿದರೆ, ಚುಕ್ಕೆ ಇದ್ದದ್ದು ಒಡೆದ ಚಿಪ್ಪಿನ ಮೇಲೆ. ಮರಿ ಮೇಲೆ ಎಲ್ಲಿಂದ ಬರಬೇಕು? ಚೌಡತ್ತೆ ನಕ್ಕು, ನಿಮ್ಮವ್ವ ಇದ್ದಿದ್ದರೆ ಹೇಳ್ತಿದ್ದಳು, ಈಗ ನೀವೇ ಒಬ್ಬೊಬ್ಬರು ಒಂದೊಂದು ಆರಿಸ್ಕೊಳ್ಳಿ, ಮಿಕ್ಕಿದ್ದು ನನಗೆ, ನಾಳೆ ಅದಲ್ಲ ಇದು ಅಂತ ಬಂದರೆ ಕೇಳೋಳಲ್ಲ ನಾನು ಅಂದಳಂತೆ.

ನಿಂಗಿ ಬುಟ್ಟಿಯ ಹತ್ತಿರಕ್ಕೆ ಸರಿದು ಕೂತಳು. ಆ ತಳಿಯ ಹೆಣ್ಣು ಮರಿ ಒಂದು ಸಿಗದೇಹೋದರೆ ಅವ್ವ ತಂದದ್ದು ಅಲ್ಲಿಗೆ ಮುಗಿದ ಹಾಗೆ. ತವರಲ್ಲೂ ಈಗ ಯಾರೂ ಉಳಿದಿರಲಿಲ್ಲ.

ಬೋರ, ಕರಿ ಕೋಳಿಗೆ ಕರಿ ಮರಿ ತಾನೇ ಅಂತ ಎಲ್ಲಕ್ಕಿಂತ ಕರ್ರಗಿದ್ದದ್ದನ್ನು ಎತ್ತಿಕೊಂಡನಂತೆ. ಮಾಯಿಗ, ಹಾಗಲ್ಲ ಅಣ್ಣಾ, ನಮ್ಮ ಹೇಂಟೆಗೆ ನಾಲಿಗೆಯೂ ಕಪ್ಪು ಅಲ್ಲವಾ ಅಂದ. ನೋಡಿದರೆ ಬೋರನ ಮರಿಯ ನಾಲಿಗೆ ಕೆಂಪಗಿದೆ. ನನ್ನದನ್ನೇ ಆರಿಸಿದೆಯಲ್ಲೋ ಜಾಣ ಅಂತ ಚೌಡತ್ತೆ ಸೆರಗಲ್ಲಿ ನಕ್ಕಳಂತೆ. ಮಾಯಿಗ ಚೀಂವ್ ಅನ್ನೋ ಬಾಯನ್ನೆಲ್ಲ ಇಣುಕಿ, ಕಪ್ಪು ನಾಲಿಗೆಯ ಒಂದು ದುಂಡು ಮರಿ ಹಿಡಿದನಂತೆ.

ಕಪ್ಪು ನಾಲಿಗೆಯವು ಇನ್ನೆರಡು ಉಳಿದವು. ಯಾವುದು ಹೆಣ್ಣು? ನಿಂಗಿ ಎರಡನ್ನೂ ಮಡಿಲಿಗೆ ಹಾಕ್ಕೊಂಡು ಕೂತಳು. ಬೆಳೆದ ಮೇಲೆ ಆರಿಸ್ತೀಯೇನೆ ಅಂತ ಚೌಡತ್ತೆ ಚುಚ್ಚಿದಳು. ಆಗ ನಿಂಗಿಗೆ ಅವ್ವನ ಬೆರಳು ಕಣ್ಮುಂದೆ ಬಂತಂತೆ. ಅವ್ವ ಎಳೇ ಮರಿಯ ರೆಕ್ಕೆ ಬಿಡಿಸಿ, ಮೆಲ್ಲಗೆ ಉಸಿರೂದಿ ತೋರಿಸ್ತಿದ್ದಳಂತೆ. ನೋಡು ನಿಂಗಿ, ಗರಿ ಎಲ್ಲ ಕತ್ತರಿಸಿಟ್ಟ ಹಾಗೆ ಸಮ ಇದ್ದರೆ ಗಂಡು, ಒಂದುದ್ದ ಒಂದು ಗಿಡ್ಡ ಇದ್ದರೆ ಹೆಣ್ಣು. ಎಲ್ಲ ಕೋಳಿಗೂ ಹೀಗಿರಲ್ಲ, ನಮ್ಮದಕ್ಕೆ ಇದೆ. ಅದೂ ಹುಟ್ಟಿದ ಒಂದೆರಡು ದಿನ ಅಷ್ಟೇ ಅನ್ನೋಳಂತೆ. ನಿಂಗಿ ರೆಕ್ಕೆ ಬಿಡಿಸಿದಳು, ಉಸಿರೂದಿದಳು. ಒಂದನ್ನು ಕೆಳಗೆ ಬಿಟ್ಟಳು, ಇನ್ನೊಂದನ್ನು ಎದೆಗೆ ಒತ್ತಿಕೊಂಡಳಂತೆ.

ಆಮೇಲೆ ಮರಿ ಬೆಳೆದವು. ಬೋರನದು ಚೌಡತ್ತೆಯ ತಳಿಯೇ ಆಯಿತು. ಮಾಯಿಗನದು ಒಂದು ಬೆಳಗ್ಗೆ ಬೇಲಿ ಹತ್ತಿ ಕೊಕ್ಕೊಕ್ಕೋ ಅಂತ ಕೂಗಿತು. ನಿನ್ನ ಹುಂಜ ಯಾವಾಗ ಕೂಗುತ್ತೇ ನಿಂಗಿ ಅಂತ ಚೌಡತ್ತೆ ದಿನಾ ಕೇಳೋಳು. ಬೆಳಗಾಯಿತೆಂದರೆ ನಿಂಗಿ ಹೆದರಿ ಕಿವಿ ಮುಚ್ಕೊಳ್ಳೋಳಂತೆ.

ಆಮೇಲೆ ಒಂದು ಮಧ್ಯಾಹ್ನ ಹುಲ್ಲಿನ ಮೂಲೆಯಲ್ಲಿ ಕೂತಿದ್ದ ನಿಂಗಿಯ ಕೋಳಿ ಎದ್ದು ಬಂದಾಗ, ಹಿಂದೆ ಬೆಚ್ಚಗೊಂದು ಮೊಟ್ಟೆ ಇತ್ತಂತೆ. ಚೌಡತ್ತೆ ಅದನ್ನು ಕೈಯಲ್ಲಿ ಹಿಡಿದು, ನಿಮ್ಮವ್ವನೂ ಹೀಗೇ ಉಸಿರೂದಿ ನೋಡೋಳು ಕಣೆ ಅಂದಳಂತೆ. ನಿಂಗಿ ಒಲೆಯಿಂದ ಇದ್ದಿಲು ತಂದು ಮೊಟ್ಟೆಗೊಂದು ಚುಕ್ಕೆ ಇಟ್ಟಳು. ಅದು ಯಾರ ಮೊಟ್ಟೆಯ ಜೊತೆಗೂ ಬೆರೆಯೋದಿರಲಿಲ್ಲ. ಆದರೂ ಇಟ್ಟಳಂತೆ.

ಆಮೇಲೆ ಮಾಯಿಗನ ಹುಂಜ, ನಿಂಗಿಯ ಹೇಂಟೆ, ಅಂಗಳದ ತುಂಬ ಮರಿಗಳು. ಆ ಹೇಂಟೆಯ ಮೊಮ್ಮಗಳ ಮೊಮ್ಮಗಳ ಎಷ್ಟನೇದೋ ಮೊಮ್ಮಗಳೇ ಈಗ ನಮ್ಮ ಮಂಕರಿ ಬುಟ್ಟಿಯ ಕೆಳಗೆ ಮಲಗಿರೋದು. ಬೆಳಗ್ಗೆ ಕೊಕ್ ಅಂದಾಗ ನಾಲಿಗೆ ನೋಡು. ಈಗ ಕೋಳಿ ಗೂಡು ಸೇರಿತು, ಕತೆಯೂ ಗೂಡು ಸೇರಿತು, ಕಣ್ಣು ಮುಚ್ಚು ಮಗಾ.