ಬೇಡ ಎನ್ನುತ್ತಿದ್ದ ಜೀಪು

ಜುಲೈ ಹನ್ನೊಂದು, ಗುರುವಾರ. ಬೆಳಗಿನಿಂದ ಮೋಡ ಕವಿದಿತ್ತು. ಮಳೆ ಬಿದ್ದಿರಲಿಲ್ಲ, ಗಾಳಿಯೂ ಇರಲಿಲ್ಲ.

ಮಠದ ಜಗಲಿಯ ಮೇಲೆ ಶಿಷ್ಯ ಗುರುವಿನ ಎದುರು ಕೂತಿದ್ದ. ಅವನ ಕೈಯಲ್ಲಿ ಇನ್ನೂ ಯಾರಿಗೂ ಕಟ್ಟದ ತಾಯತವೊಂದಿತ್ತು. ಅವನು ಕೇಳಿದ:

“ಬುದ್ಧಿ, ಬಾವಿ ತೋಡುವವನೊಬ್ಬ ನನ್ನ ಬಳಿ ಬರುತ್ತಿದ್ದಾನೆ. ಈಚೆಗೆ ಬಾವಿಯ ಅರ್ಧಕ್ಕೆ ಇಳಿದ ಮೇಲೆ ಅವನ ಕಾಲು ಮುಂದೆ ಹೋಗುವುದಿಲ್ಲವಂತೆ. ಜೊತೆಯವರು ನಗುತ್ತಾರಂತೆ. ಭಯ ತೆಗೆದುಬಿಡಿ ಎಂದು ಕಾಲು ಹಿಡಿಯುತ್ತಾನೆ. ಇದನ್ನು ಕಟ್ಟಿ ನಾಲ್ಕು ಮಾತು ಹೇಳಿದರೆ ಅವನ ಭಯ ಹೋಗುತ್ತದೆ. ಅಷ್ಟು ನನಗೆ ಗೊತ್ತು. ಕಟ್ಟಿದರೆ ತಪ್ಪೇ?”

“ಯಾವಾಗ ಬರುತ್ತಾನೆ?”

“ಸಂಜೆಗೆ.”

“ಹಾಗಾದರೆ ಹೊತ್ತಿದೆ. ಕೇಳು” ಎಂದರು ಗುರುಗಳು.

ಒಂದು ಬೆಟ್ಟದ ಬುಡದಲ್ಲಿ ಹಳ್ಳವೊಂದಿತ್ತು. ಅದಕ್ಕೆ ಸೇತುವೆ ಇರಲಿಲ್ಲ. ಈಚೆಗೆ ಪೇಟೆ, ಆಚೆಗೆ ಹಳ್ಳಿಗಳು. ಜನರನ್ನು ದಾಟಿಸುವ ಕೆಲಸ ಒಬ್ಬ ಚಾಲಕನದಾಗಿತ್ತು. ಅವನ ಬಳಿ ಇದ್ದದ್ದು ಹಳೆಯ ಪೆಟ್ರೋಲ್ ಜೀಪು. ಕಲ್ಲು, ಕೆಸರು, ಏರು, ಯಾವುದಕ್ಕೂ ಅದು ಹೆದರುತ್ತಿರಲಿಲ್ಲ. ನೀರಿಗೆ ಮಾತ್ರ ನಿಲ್ಲುತ್ತಿತ್ತು.

ಕಾರಣ ಸಣ್ಣದು. ಪೆಟ್ರೋಲ್ ಎಂಜಿನ್ ಓಡಲು ಕಿಡಿ ಬೇಕು. ಆ ಕಿಡಿಗೆ ಬಲ ಕೊಡುವುದು ಕಾಯಿಲ್ ಎಂಬ ಅಂಗೈ ಉದ್ದದ ಡಬ್ಬಿ. ಆ ಜೀಪಿನಲ್ಲಿ ಅದನ್ನು ಫ್ಯಾನಿನ ಹಿಂದೆ, ಎಂಜಿನ್ನಿನ ಮಗ್ಗುಲಲ್ಲಿ, ತಗ್ಗಿನಲ್ಲಿ ಕೂರಿಸಿದ್ದರು. ಹಳ್ಳದ ನೀರು ಫ್ಯಾನಿನ ಮಟ್ಟಕ್ಕೆ ಬಂದರೆ ಫ್ಯಾನು ಆ ನೀರನ್ನು ಕಾಯಿಲ್ ಮೇಲೆ ಎರಚುತ್ತಿತ್ತು. ಕಿಡಿ ಸಾಯುತ್ತಿತ್ತು. ದಡ ಬಿಟ್ಟು ತುಸು ದೂರ ಹೋಗುವುದರೊಳಗೆ ಜೀಪು ನಿಂತುಬಿಡುತ್ತಿತ್ತು.

ಆಗ ಜನ “ಜೀಪು ಬೇಡ ಅಂತು” ಎನ್ನುತ್ತಿದ್ದರು. ಇಳಿದು ಅದನ್ನು ಹಿಂದಕ್ಕೆ ತಳ್ಳುತ್ತಿದ್ದರು. ಚಾಲಕ ಹೆಗಲ ಮೇಲಿನ ಟವೆಲಿನಿಂದ ಕಾಯಿಲ್ ಒರೆಸುತ್ತಿದ್ದ. ಉಳಿದವರು ಹೊಂಗೆಯ ಮರದಡಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಮಳೆಗಾಲದಲ್ಲಿ ಹಳ್ಳ ದಾಟುವವರು ಒಂದು ಹೊತ್ತಿನ ಬುತ್ತಿ ಹೆಚ್ಚಾಗಿ ಕಟ್ಟಿಕೊಂಡೇ ಹೊರಡುವುದು ಅಲ್ಲಿನ ಪದ್ಧತಿ. ಉಂಡು ಕೈ ತೊಳೆಯುವ ಹೊತ್ತಿಗೆ ನೀರು ಇಳಿದಿದ್ದರೆ ದಾಟುತ್ತಿದ್ದರು. ಇಳಿಯದಿದ್ದರೆ ಮನೆಗೆ ಹಿಂತಿರುಗುತ್ತಿದ್ದರು. ನೀರು ಎಷ್ಟಿದೆ ಎಂದು ಯಾರೂ ಕೋಲು ಹಾಕಿ ನೋಡುತ್ತಿರಲಿಲ್ಲ. ಚಾಲಕನೂ ನೋಡುತ್ತಿರಲಿಲ್ಲ. ಅವನ ಕಣ್ಣು ಆಚೆ ದಡದ ಮೇಲೆ, ಕಿವಿ ಎಂಜಿನ್ನಿನ ಮೇಲೆ. ಹಳ್ಳದ ನೀರನ್ನು ಅಳೆಯುವ ವಿದ್ಯೆ ಅವನು ಕಲಿಯಲೇ ಇಲ್ಲ. ಕಲಿಯುವ ಅಗತ್ಯ ಬಂದಿರಲಿಲ್ಲ.

ಆದರೆ ಅವನಿಗೆ ನಾಚಿಕೆ ಇತ್ತು. ಎತ್ತಿನ ಗಾಡಿಯವರು ದಡದಲ್ಲಿ ಗಾಡಿ ನಿಲ್ಲಿಸಿಕೊಂಡು ಕೂಗುತ್ತಿದ್ದರು: “ಏನಯ್ಯಾ, ನಿನ್ನ ಜೀಪಿಗೆ ಹುಚ್ಚುನಾಯಿ ಕಡಿದಿದೆಯೇ? ನೀರು ಕಂಡರೆ ನಡುಗುತ್ತದಲ್ಲ!” ಮರದಡಿ ಉಣ್ಣುತ್ತಿದ್ದವರೂ ನಗುತ್ತಿದ್ದರು. ಚಾಲಕನಿಗೆ ಆ ನಗು ಊಟದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

ಒಂದು ಬೇಸಿಗೆ ಅವನು ಪೇಟೆಯ ಮೆಕ್ಯಾನಿಕ್ ಬಳಿಗೆ ಹೋದ. ಮೆಕ್ಯಾನಿಕ್ ಬಲ್ಲವನು. ಬಾನೆಟ್ ಎತ್ತಿದವನೇ ಕಾಯಿಲ್ ಮೇಲೆ ಬೆರಳಿಟ್ಟ.

“ಇದು ಕೂತ ಜಾಗ ಸರಿಯಿಲ್ಲ. ಮೇಲಕ್ಕೆ, ನಿನ್ನ ಕಾಲಿನ ಮುಂದಿನ ತಗಡಿನ ಗೋಡೆಯ ಒಳಗೆ ಕೂರಿಸುತ್ತೇನೆ. ಫ್ಯಾನಿನ ನೀರು ಅಲ್ಲಿಗೆ ತಲುಪುವುದಿಲ್ಲ.”

“ಆಮೇಲೆ ನೀರಿನಲ್ಲಿ ನಿಲ್ಲುವುದಿಲ್ಲವೇ?”

“ಇನ್ನು ನೀನು ನಿಲ್ಲಿಸಬೇಕು ಮಾರಾಯ. ನೀರು ನಿಲ್ಲಿಸುವುದಿಲ್ಲ.”

ಇಬ್ಬರೂ ನಕ್ಕರು.

ಮೆಕ್ಯಾನಿಕ್ ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ಕಾಯಿಲ್ ಬಿಚ್ಚಿ ಹೊಸ ಜಾಗದಲ್ಲಿ ಬಿಗಿದ. ತಂತಿಯನ್ನು ಉದ್ದ ಮಾಡಿದ. ಕಿಡಿ ಹಾದುಹೋಗುವ ಸಂದುಗಳಿಗೆಲ್ಲ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಗ್ರೀಸು ಮೆತ್ತಿದ. ಬಕೆಟ್ಟಿನಿಂದ ನೀರು ಸುರಿದು ನೋಡಿದ. ಎಂಜಿನ್ ಕೆಮ್ಮಲೂ ಇಲ್ಲ. ಹಳ್ಳವನ್ನು ಅವನು ಎಂದೂ ನೋಡಿರಲಿಲ್ಲ. ಅದು ಯಾವ ನೀರು, ಇಷ್ಟು ವರ್ಷ ಅಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಲೂ ಇಲ್ಲ. ಬಂದವನು ಕೇಳಿದ್ದು ಕಾಯಿಲ್ ವಿಷಯ.

ಚಾಲಕ ಕೂಲಿ ಎಷ್ಟೆಂದು ಕೇಳಿದ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಹೇಳಿದ: “ದುಡ್ಡು ಬೇಡ. ನಮ್ಮ ಮನೆಯವರು ಯಾರಾದರೂ ಆಚೆಗೆ ಹೋಗುವ ಸಂದರ್ಭ ಬಂದರೆ ಬಾಡಿಗೆಯಿಲ್ಲದೆ ದಾಟಿಸು. ನನ್ನ ಕೂಲಿ ಸಂದ ಹಾಗೆ.”

ಆ ವರ್ಷ ಮಳೆ ಬಂತು. ಜೀಪು ನಿಲ್ಲಲಿಲ್ಲ. ಫ್ಯಾನು ಎಂದಿನಂತೆ ನೀರು ಎರಚಿತು, ಜೀಪು ಎಂದೂ ಹೋಗದಷ್ಟು ಮುಂದೆ ಹೋಗಿ ಆಚೆ ದಡ ಹತ್ತಿತು. ಗಾಡಿಯವರು ಬಾಯಿ ಮುಚ್ಚಿದರು. ಯಾರೋ ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿದರು. ಒಂದು ತಿಂಗಳಲ್ಲಿ ಜನ ಹೆಚ್ಚಿನ ಬುತ್ತಿ ಕಟ್ಟುವುದನ್ನು ಬಿಟ್ಟರು. ಹೊಂಗೆಯ ಮರದಡಿ ಹುಲ್ಲು ಬೆಳೆಯಿತು.

ಒಂದು ದಿನ ಬೆಟ್ಟದ ಮೇಲೆ ಮಳೆ ಸುರಿದಿತ್ತು. ಹಳ್ಳದ ಬಳಿ ಒಂದು ಹನಿಯೂ ಬಿದ್ದಿರಲಿಲ್ಲ. ಜೀಪು ತುಂಬ ಜನ. ಹಿಂದುಗಡೆ ಕುಡುಗೋಲು ಮಾರುವ ಗಂಡ ಹೆಂಡತಿ, ಸಂತೆ ಮುಗಿಸಿದ ನಾಲ್ಕಾರು ಮಂದಿ. ಚಾಲಕನ ಪಕ್ಕದ ಸೀಟಿನಲ್ಲಿ ಹೊಸ ಸೀರೆಯ ಗಂಟು ಮಡಿಲಲ್ಲಿಟ್ಟುಕೊಂಡ ಹೆಣ್ಣುಮಗಳು. ಕೊನೆಗೆ ಹತ್ತಲು ಬಂದ ಮುದುಕಿಯೊಬ್ಬಳು ಒಂದು ಕಾಲು ಮೇಲಿಟ್ಟು ನಿಂತಳು.

“ನೀರಿನ ಬಣ್ಣ ನೋಡೋ ತಮ್ಮಾ. ಕೆಂಪಗಿದೆ. ತುಸು ಹೊತ್ತು ಕೂರೋಣ.”

“ನೀರು ನಾವು ನೋಡಿ ಏನಾಗಬೇಕಜ್ಜಿ? ಜೀಪು ಬೇಡ ಅಂದರೆ ನಿಲ್ಲುತ್ತೇನೆ.”

ಮುದುಕಿಗೆ ಆ ಮಾತು ಸರಿ ಕಂಡಿತು. ಅವಳು ಎಷ್ಟೋ ವರ್ಷಗಳಿಂದ ಕೇಳುತ್ತ ಬಂದ ಮಾತು ಅದು. ಚಾಲಕನೂ ಸುಳ್ಳು ಹೇಳಲಿಲ್ಲ. ತನ್ನ ಮಾತನ್ನು ತಾನೇ ನಂಬಿದ್ದ. ಜೀಪಿನ ಬಾಯಿಯಿಂದ ಆ ಮಾತನ್ನು ಕಿತ್ತಿಟ್ಟವನು ತಾನೇ ಎಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲ. ಮುದುಕಿ ಹತ್ತಿದಳು.

ಜೀಪು ಬೇಡ ಅನ್ನಲಿಲ್ಲ. ನಡುಹಳ್ಳದವರೆಗೂ ಅನ್ನಲಿಲ್ಲ. ಅಲ್ಲಿ ನೀರು ಅದನ್ನು ಬುಡದಿಂದ ಎತ್ತಿತು. ಚಕ್ರಗಳಿಗೆ ನೆಲ ಸಿಗಲಿಲ್ಲ. ಬಾನೆಟ್ಟು ನೀರು ಹರಿಯುವ ದಿಕ್ಕಿಗೆ ತಿರುಗಿತು. ದಡದಲ್ಲಿದ್ದ ಗಾಡಿಯವರು ಆಮೇಲೆ ಹೇಳಿದ್ದು ಒಂದೇ: ಜೀಪು ಮಗುಚುವವರೆಗೂ ಎಂಜಿನ್ನಿನ ಸದ್ದು ಕೇಳುತ್ತಿತ್ತು, ಒಮ್ಮೆಯೂ ತಡವರಿಸಲಿಲ್ಲ.

ನೀರು ಇಳಿದ ಮೇಲೆ ಹಗ್ಗ ಕಟ್ಟಿ ಜೀಪನ್ನು ಎಳೆದರು. ಅದರಲ್ಲಿದ್ದವರು ಯಾರೂ ಉಳಿದಿರಲಿಲ್ಲ. ಬಾಗಿಲು, ಗಾಜು, ಬಾನೆಟ್ಟು ಕಿತ್ತುಹೋಗಿದ್ದವು. ಕಾಯಿಲ್ ಮಾತ್ರ ಬಿಗಿದ ಜಾಗದಲ್ಲೇ ಇತ್ತು. ಕೆಲಸ ಅಷ್ಟು ಗಟ್ಟಿಯಾಗಿತ್ತು.

ಗುರುಗಳು ನಿಲ್ಲಿಸಿದರು. ಶಿಷ್ಯ ತಾಯತದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದ. ಅವನು ಹೇಳಿದ:

“ಚಾಲಕ ನೀರನ್ನು ನೋಡಬೇಕಿತ್ತು ಬುದ್ಧಿ. ಮೆಕ್ಯಾನಿಕ್ ತಪ್ಪೇನು? ಕೇಳಿದ್ದನ್ನು ಮಾಡಿಕೊಟ್ಟ. ಪಾಪ, ಅವನಿಗೆ ಕೂಲಿಯೂ ಸಲ್ಲಲಿಲ್ಲ.”

“ಸಂದಿತು ಮರಿ. ಹೊಸ ಸೀರೆಯ ಗಂಟು ಇಟ್ಟುಕೊಂಡು ಮುಂದೆ ಕೂತಿದ್ದವಳು ಅವನ ಮಗಳು. ಚಾಲಕ ಅವಳಿಂದ ಬಾಡಿಗೆ ತೆಗೆದುಕೊಳ್ಳಲಿಲ್ಲ.”