ಮನೆ ಯಾರದೆಂದು ಬರೆಸಲಿ?

"ಬುದ್ಧೀ, ನಾನು ಈ ಮಠಕ್ಕೆ ಏನಾಗಬೇಕು?" ಎಂದು ನಾಗಲಿಂಗ ಗುರುಗಳನ್ನು ಕೇಳಿದ.

ಅವನು ಹನ್ನೆರಡು ವರ್ಷಗಳಿಂದ ಮಠದಲ್ಲಿ ಅಡುಗೆ ಮಾಡಿಕೊಂಡು, ಗುರುಗಳ ಬಳಿ ಪಾಠ ಕೇಳಿಕೊಂಡು ಇದ್ದವನು. ಅವನಿಗೆ ದೀಕ್ಷೆಯೂ ಆಗಿರಲಿಲ್ಲ, ಸಂಬಳವೂ ಇರಲಿಲ್ಲ. ಮರುದಿನ ಜನಗಣತಿಯವರು ಮಠಕ್ಕೆ ಬರುವವರಿದ್ದರು. "ನಿನ್ನನ್ನು ಮಠದವನು ಅಂತ ಬರೆಯುತ್ತಾರೋ, ಕೆಲಸದವನು ಅಂತಲೋ?" ಎಂದು ಯಾರೋ ತಮಾಷೆಗೆ ಕೇಳಿದ್ದರು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

"ಮುಂದೊಂದು ದಿನ ಹೊರಗೆ ನಡಿ ಅಂದರೆ ನಾನು ಎಲ್ಲಿಗೆ ಹೋಗಲಿ? ಇವತ್ತೇ ಒಂದು ಮಾತು ಹೇಳಿಬಿಡಿ" ಎಂದ.

"ಮೊದಲು ಕೂತುಕೋ. ನಿಂತವನಿಗೆ ಹೇಳಿದ ಮಾತು ನಿಲ್ಲುವುದಿಲ್ಲ" ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ. ಅವನು ವಾಸವಾಗಿದ್ದದ್ದು ಒಬ್ಬ ವ್ಯಾಪಾರಿಯ ಮನೆಯಲ್ಲಿ. ದರ್ಜಿಯ ಮದುವೆಯಾದ ವರ್ಷ ವ್ಯಾಪಾರಿಯ ತಂದೆ "ಇರು ಹೋಗಪ್ಪ" ಎಂದಿದ್ದರು. ಅಷ್ಟೇ. ಪತ್ರವಿಲ್ಲ, ಬಾಡಿಗೆಯ ಮಾತಿಲ್ಲ. ಪ್ರತಿ ಯುಗಾದಿಗೆ ದರ್ಜಿ ವ್ಯಾಪಾರಿಯ ಮನೆಯವರಿಗೆಲ್ಲ ಹೊಸಬಟ್ಟೆ ಹೊಲಿದು ಕೊಡುತ್ತಿದ್ದ, ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಹೆಂಚು ಒಡೆದರೆ ವ್ಯಾಪಾರಿ ಹೆಂಚು ಕಳಿಸುತ್ತಿದ್ದ, ದರ್ಜಿ ಸೂರಿನ ಮೇಲೆ ಹತ್ತಿ ಹೊದಿಸುತ್ತಿದ್ದ. ಹೀಗೆ ಹದಿನೆಂಟು ವರ್ಷ ಕಳೆಯಿತು. ಮುದುಕ ತಂದೆ ತೀರಿಕೊಂಡರು, ವ್ಯಾಪಾರಿ ಯಜಮಾನನಾದ. ಮನೆ ಮಾತ್ರ ಇದ್ದ ಹಾಗೇ ಇತ್ತು.

ಒಂದು ದಿನ ಊರಲ್ಲಿ ಡಂಗುರವಾಯಿತು. ಗಣತಿಗೆ ಮೇಷ್ಟ್ರು ಬರುತ್ತಾರೆ, ಮನೆ ಯಾರದು ಎಂದು ಕೇಳುತ್ತಾರೆ, ಎಲ್ಲರೂ ಹೇಳಬೇಕು.

ದರ್ಜಿ ಕತ್ತರಿ ಕೆಳಗಿಟ್ಟು ಯೋಚನೆಗೆ ಬಿದ್ದ. ಸ್ವಂತದ್ದು ಎನ್ನೋಣವೆಂದರೆ ಉಂಡ ಮನೆಯ ಜಂತೆ ಎಣಿಸಿದ ಹಾಗಾಗುತ್ತದೆ. ಬಾಡಿಗೆಯದು ಎನ್ನೋಣವೆಂದರೆ ಒಂದು ದಿನವೂ ಬಾಡಿಗೆ ಕೊಟ್ಟಿಲ್ಲ. ಅಲ್ಲದೆ ಬಾಡಿಗೆಯವನನ್ನು ಯಾವಾಗ ಬೇಕಾದರೂ ಎಬ್ಬಿಸಬಹುದು. ಅಳತೆ ತಪ್ಪಿ ಎರಡು ಅಂಗಿ ಕೆಡಿಸಿದ. ಬಾಗಿಲು ಬಡಿದರೆ ಬೆಚ್ಚುತ್ತಿದ್ದ.

"ಮೇಷ್ಟ್ರು ಬಂದಾಗ ಇದ್ದದ್ದನ್ನ ಇದ್ದ ಹಾಗೆ ಹೇಳಿದರಾಯ್ತಪ್ಪ. ಅದಕ್ಕೆ ಯಾಕೆ ಇಷ್ಟೊಂದು ಒದ್ದಾಡ್ತೀರಿ?" ಎಂದಳು ಹೆಂಡತಿ.

ಹೆಂಡತಿಯ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ನೇರ ವ್ಯಾಪಾರಿಯ ಅಂಗಡಿಗೆ ಹೋದ. "ಧಣಿ, ಮನೆ ಯಾರದೂಂತ ಬರೆಸಲಿ?" ಎಂದ.

ವ್ಯಾಪಾರಿ ನಕ್ಕು "ಏನಾದರೂ ಬರೆಸು, ಹೋಗು" ಎಂದ. ದರ್ಜಿ ಹೋದ ಮೇಲೆ ಅವನ ನಗು ಇಳಿಯಿತು. ಇಷ್ಟು ವರ್ಷ ಕೇಳದವನು ಈಗ ಯಾಕೆ ಕೇಳಿದ? ಯಾರು ಕಲಿಸಿಕೊಟ್ಟರು? ಸ್ವಂತ ಎಂದು ಬರೆಸಿಬಿಟ್ಟರೆ? ಸುಮ್ಮನೆ ಕೂತಿದ್ದವನಿಗೆ ಮೈಮೇಲೆ ಇರುವೆ ಬಿಟ್ಟ ಹಾಗಾಯಿತು. ಮರುದಿನ ಬೆಳಿಗ್ಗೆ ದರ್ಜಿಯ ಬಾಗಿಲಿಗೆ ಬಂದ. ಯಾವಾಗಲೂ ಒಳಗೆ ಬಂದು ಕೂರುತ್ತಿದ್ದವನು ಅಂದು ಹೊಸಿಲು ದಾಟಲಿಲ್ಲ.

"ಗಣತಿ ಮುಗಿಯೋವರೆಗೂ ಒಂದು ಹದಿನೈದು ದಿನ ನಿಮ್ಮ ಮಾವನ ಮನೆಯಲ್ಲಿರು. ಆಮೇಲೆ ಬರುವೆಯಂತೆ" ಎಂದ.

ದರ್ಜಿ ಹೊಲಿಗೆ ಯಂತ್ರವನ್ನು ಗಾಡಿಗೆ ಹೇರಿದ. ಹೆಂಡತಿ ಪಾತ್ರೆ ಕಟ್ಟಿದಳು. ವ್ಯಾಪಾರಿ ಬೀಗ ಹಾಕಿದ. ದರ್ಜಿಗೂ ವ್ಯಾಪಾರಿಗೂ ಸಂಕಟವಾಯಿತು.

ಮೂರನೆಯ ದಿನ ಮೇಷ್ಟ್ರು ಬಂದರು. ಬೀಗ ನೋಡಿ, ಬಾಗಿಲಿನ ಮೇಲೆ ಸಂಖ್ಯೆ ಬರೆದು, ಹಾಳೆಯಲ್ಲಿ 'ಖಾಲಿ ಮನೆ' ಎಂದು ಬರೆದುಕೊಂಡರು. ಪಕ್ಕದಲ್ಲೇ ನಿಂತಿದ್ದ ವ್ಯಾಪಾರಿಗೆ ತಡೆಯಲಾಗಲಿಲ್ಲ.

"ಇಲ್ಲಿ ನಮ್ಮ ದರ್ಜಿ ಇದ್ದಿದ್ದರೆ ಏನಂತ ಬರೀತಿದ್ರಿ ಮೇಷ್ಟ್ರೇ? ಸ್ವಂತ ಅಂತಲೋ, ಬಾಡಿಗೆ ಅಂತಲೋ?"

ಮೇಷ್ಟ್ರು ಹಾಳೆ ತೋರಿಸಿದರು. "ಎರಡೂ ಅಲ್ಲದವರಿಗೆ 'ಇತರೆ' ಅಂತ ಮೂರನೇದು ಇದೆಯಲ್ಲ, ಸ್ವಾಮಿ. ಈ ಊರಲ್ಲೇ ಹನ್ನೊಂದು ಮನೆಗೆ ಹಾಗೇ ಬರೆದಿದ್ದೀನಿ. ಇದರಿಂದ ಯಾರ ಮನೆಯೂ ಇನ್ನೊಬ್ಬರದಾಗೋದಿಲ್ಲ. ಜನ ಹೇಗೆ ಬಾಳ್ತಿದ್ದಾರೆ ಅಂತ ತಿಳಿಯೋಕೆ ಕೇಳ್ತೀವಿ, ಅಷ್ಟೆ."

ವ್ಯಾಪಾರಿ ಅಂದೇ ಗಾಡಿ ಕಳಿಸಿದ. ದರ್ಜಿ ಬಂದ. ಬೀಗ ತೆಗೆದು ಬೀಗದ ಕೈಯನ್ನು ವ್ಯಾಪಾರಿಯೇ ಅವನ ಕೈಗಿಟ್ಟ. ದರ್ಜಿ ಸಾಮಾನು ಇಳಿಸಲಿಲ್ಲ.

"ತಿಂಗಳಿಗೆ ಬಾಡಿಗೆ ಎಷ್ಟು, ಧಣಿ?" ಎಂದ.

"ಬಾಡಿಗೆ ಯಾವುದಯ್ಯಾ? ಮೊದಲು ಹೇಗಿದ್ದೆಯೋ ಹಾಗೇ ಇರು."

"ಹಾಗೆ ಇರೋಕೆ ಇನ್ನು ನನ್ನ ಕೈಲಾಗೋಲ್ಲ. ಎಷ್ಟು ಅಂತ ಹೇಳಿ."

ಆ ವರ್ಷ ಯುಗಾದಿಗೆ ವ್ಯಾಪಾರಿಯ ಮನೆಗೆ ಹೊಸಬಟ್ಟೆ ಬಂತು. ಜೊತೆಗೆ ಹೊಲಿಗೆಯ ಕೂಲಿಯ ಚೀಟಿಯೂ ಬಂತು.

ಗುರುಗಳು ಕತೆ ನಿಲ್ಲಿಸಿದರು. ನಾಗಲಿಂಗನ ಕಣ್ಣು ತುಂಬಿತ್ತು. "ಪಾಪ, ಬುದ್ಧೀ! ಅವನು ಹೋಗಿ ಕೇಳಲೇಬಾರದಿತ್ತು" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: "ನಾಗಲಿಂಗ, ನೀನು ಬಂದು ಕೇಳುವವರೆಗೆ, ನೀನು ಈ ಮಠಕ್ಕೆ ಏನಾಗಬೇಕೆಂಬ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ."