ಹೊಂಡದ ಆಚೆ ಗೋಡೆ

“ಗುರುಗಳೇ, ನೀವು ಕಲಿಸಿದ್ದನ್ನೆಲ್ಲ ಕಲಿತೆ. ಆದರೂ ನನ್ನ ಚಿತ್ರ ನೋಡಿದವರೆಲ್ಲ ‘ಇದು ನಿಮ್ಮ ಗುರುಗಳ ಕೈ’ ಎನ್ನುತ್ತಾರೆ. ನನ್ನದೇ ಆದ ಹೊಸ ರೀತಿ ನನಗೆ ಯಾವಾಗ ಬರುತ್ತದೆ?”

ಕೇಳಿದವನು ಚಿತ್ರ ಕಲಿಯಲು ಬಂದಿದ್ದ ಶಿಷ್ಯ. ಹೊಸದನ್ನು ಹುಡುಕಿಕೊಂಡು ಬೇರೆ ಊರಿಗೆ ಹೊರಡುವುದೆಂದು ಗಂಟು ಕಟ್ಟಿಕೊಂಡೇ ಬಂದಿದ್ದ. ಗುರುಗಳು ಅವನ ಮುಖವನ್ನೂ ನೋಡಿದರು, ಗಂಟನ್ನೂ ನೋಡಿದರು. “ಹೋಗುವೆಯಂತೆ. ಕೂತು ಒಂದು ಕತೆ ಕೇಳು” ಎಂದರು.

ಒಂದು ಊರಿನಲ್ಲಿ ಚಿತ್ರಗಾರರ ಕೇರಿ ಇತ್ತು. ಕೇರಿಗೊಬ್ಬರು ಯಜಮಾನರು. ಕಲಿತು ಮುಗಿಸಿದ ಪ್ರತಿಯೊಬ್ಬನಿಗೂ ಅವರು ಒಂದು ಗೋಡೆ ಕೊಡುತ್ತಿದ್ದರು. ಅವನು ಅದರ ಮೇಲೆ ದೇವರ ಚಿತ್ರ ಬರೆಯಬೇಕು. ಯಜಮಾನರು ಒಪ್ಪಿದರೆ ಅವನು ಚಿತ್ರಗಾರ. ಒಪ್ಪದಿದ್ದರೆ ಕುಂಚ ಹಿಂದಕ್ಕೆ ಕೊಟ್ಟು, ಜೀವಮಾನವೆಲ್ಲ ಬೇರೆಯವರ ಗೋಡೆಗೆ ಸುಣ್ಣ ಬಳಿಯಬೇಕು. ಎರಡನೆಯ ಸಲ ಎಂಬುದಿಲ್ಲ.

ಯಜಮಾನರು ಚಿತ್ರವನ್ನು ಒಂದು ಗೇಣು ದೂರದಿಂದ ನೋಡುತ್ತಿದ್ದರು. ಮೂಗು ಗೋಡೆಗೆ ತಾಗುತ್ತದೇನೋ ಅನ್ನುವಷ್ಟು ಹತ್ತಿರ. ಬಣ್ಣ ಬೆಣ್ಣೆಯ ಹಾಗೆ ನುಣ್ಣಗೆ ಹರಡಿರಬೇಕು, ಕುಂಚ ಆಡಿದ ಗುರುತು ಒಂದೂ ಕಾಣಬಾರದು. ಅವರ ಗುರುಗಳೂ ಹಾಗೆಯೇ ನೋಡುತ್ತಿದ್ದರು.

ಆ ವರ್ಷ ಮೌನಪ್ಪ ಎಂಬವನ ಸರದಿ ಕೊನೆಗೆ ಬಂತು. ಒಳ್ಳೆಯ ಗೋಡೆಗಳೆಲ್ಲ ಹಂಚಿಹೋಗಿದ್ದವು. ಉಳಿದದ್ದು ಊರ ಹೊಂಡದ ಆಚೆ ಗೋಡೆ ಒಂದೇ. ಹೊಂಡಕ್ಕೆ ಮೂರು ಕಡೆ ಮೆಟ್ಟಿಲು. ನಾಲ್ಕನೆಯ ಕಡೆ ನೀರಿನಿಂದಲೇ ನೆಟ್ಟಗೆ ಎದ್ದ ಗೋಡೆ. ಬರೆಯುವವನು ತೆಪ್ಪದ ಮೇಲೆ ನಿಂತು ಬರೆಯಬೇಕು, ನೋಡುವವರು ಈಚೆ ದಡದಲ್ಲಿ ನಿಂತು ನೋಡಬೇಕು. ಯಾರಿಗೂ ಬೇಡವಾದ ಗೋಡೆ ಅದು. ಅಲ್ಲಿ ಗಂಗಮ್ಮನನ್ನು ಬರೆ ಎಂದರು ಯಜಮಾನರು.

ಮೌನಪ್ಪ ಕಲಿತ ಹಾಗೆಯೇ ಬರೆದ. ಗಂಗಮ್ಮನಿಗೆ ನೇರಳೆ ಬಣ್ಣದ ಸೀರೆ ಉಡಿಸಬೇಕೆಂದು ಅವನ ಆಸೆ. ಕೆಂಪನ್ನೂ ನೀಲಿಯನ್ನೂ ಕಲ್ಲಿನ ಮೇಲೆ ಸೇರಿಸಿ ಅರೆದು ನೇರಳೆ ಮಾಡಿ ನುಣ್ಣಗೆ ಬಳಿದ. ಹತ್ತಿರದಿಂದ ಚೆನ್ನಾಗಿಯೇ ಇತ್ತು. ಈಚೆ ದಡಕ್ಕೆ ಬಂದು ನೋಡಿದರೆ ದೇವಿಯೂ ಇಲ್ಲ, ಸೀರೆಯೂ ಇಲ್ಲ. ಒಲೆಯ ಹಿಂದಿನ ಗೋಡೆಯ ಹಾಗೆ ಕಪ್ಪಗೆ ಏನೋ ಕಾಣುತ್ತಿತ್ತು. ಜೊತೆಯವರು ನಕ್ಕರು. “ಏನೋ ಮೌನಪ್ಪ, ಗಂಗಮ್ಮ ಮಸಿ ಬಳಿದುಕೊಂಡಿದ್ದಾಳಲ್ಲೋ!”

ಅವನು ಎಲ್ಲವನ್ನೂ ಕೆರೆದು ತೆಗೆದ. ಕೆಂಪು ಹೆಚ್ಚು ಹಾಕಿ ಅರೆದ. ಮತ್ತೆ ಮಂಕು. ಸುಣ್ಣ ಬೆರೆಸಿದ. ಬೂದಿ ಬಣ್ಣ ಬಂತು. ಮೂರು ಸಲ ಬರೆದು ಮೂರು ಸಲ ಕೆರೆದ. ಬೆರಳ ತುದಿಗಳು ಸುಣ್ಣಕ್ಕೆ ಒಡೆದುಹೋದವು. “ಹೇಗಿದ್ದರೂ ಯಜಮಾನರು ಹತ್ತಿರದಿಂದಲೇ ನೋಡುವುದು. ನುಣ್ಣಗೆ ಬಳಿದು ಪಾರಾಗು ಮಾರಾಯ” ಎಂದರು ಜೊತೆಯವರು. ಆ ಮಾತಿಗೆ ಅವನ ಮೈ ಉರಿಯಿತು. ದಡದಲ್ಲಿ ಬಿಂದಿಗೆ ಹಿಡಿದು ನಿಲ್ಲುವ ಹೆಂಗಸರಿಗೆ ಕಾಣದ ಗಂಗಮ್ಮನನ್ನು ಬರೆದು ಪಾರಾಗುವುದು ಅವನಿಗೆ ಬೇಡವಾಗಿತ್ತು.

ಒಂದು ಮಧ್ಯಾಹ್ನ ತೆಪ್ಪದ ಮೇಲೆ ನಿಂತವನು ಸುಮ್ಮನೆ ಹಿಂತಿರುಗಿ ನೋಡಿದ. ಈಚೆ ದಡದ ಮೆಟ್ಟಿಲ ಮೇಲೆ ಒಂದು ಸೀರೆ ಒಣಗಲು ಹಾಕಿತ್ತು. ತೊಳೆದ ನೇರಳೆ ಹಣ್ಣಿನ ಬಣ್ಣ. ಅಷ್ಟು ದೂರಕ್ಕೂ ಹೊಳೆಯುತ್ತಿತ್ತು! ಅವನು ತೆಪ್ಪವನ್ನು ದಡಕ್ಕೆ ದೂಡಿದ. ಪಕ್ಕದಲ್ಲಿ ಹೆಂಡತಿ ಸಾವಂತ್ರವ್ವ ಬಟ್ಟೆ ಹಿಂಡುತ್ತಿದ್ದಳು.

“ಇದು ಯಾರ ಸೀರೆಯೇ?”

“ಅಯ್ಯೋ, ಮದುವೆಯಲ್ಲಿ ಉಟ್ಟ ಸೀರೆ. ಇವತ್ತು ನಿಮ್ಮ ಕಣ್ಣಿಗೆ ಬಿತ್ತೇ?”

ಕಟ್ಟಿಕೊಂಡವಳ ಸೀರೆಯನ್ನು ಯಾವ ಗಂಡ ಸರಿಯಾಗಿ ನೋಡಿದ್ದಾನೆ! ಇವನಂತೂ ದೇವಿಗೇ ಸೀರೆ ಬರೆಯಲು ಹೊರಟವನು. ನಾಚಿಕೆಯಾದರೂ ಬಿಡದೆ ಸೀರೆಯನ್ನು ಕೈಗೆತ್ತಿಕೊಂಡ. ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಉದ್ದದ ನೂಲು ಕೆಂಪು, ಅಡ್ಡದ ನೂಲು ನೀಲಿ.

“ಇದರಲ್ಲಿ ನೇರಳೆ ನೂಲು ಎಲ್ಲಿದೆ?”

“ನೇಯ್ದವನು ಕೆಂಪು ಹಾಕಿದ, ನೀಲಿ ಹಾಕಿದ. ನೇರಳೆ ಯಾರೂ ಹಾಕಿಲ್ಲ” ಎಂದಳು ಸಾವಂತ್ರವ್ವ. “ಕೈ ಬಿಡಿ, ಮಸಿಯಾಗುತ್ತದೆ.”

ಅಂದಿನಿಂದ ಮೌನಪ್ಪ ಬಣ್ಣ ಬೆರೆಸುವುದನ್ನು ಬಿಟ್ಟ. ಕೆಂಪಿನ ಪಕ್ಕ ನೀಲಿ, ನೀಲಿಯ ಪಕ್ಕ ಕೆಂಪು, ಬರೀ ಚುಕ್ಕಿ ಇಟ್ಟ. ಮೊದಲು ನಿಂಬೆಹಣ್ಣಿನಷ್ಟು ದಪ್ಪ ಇಟ್ಟ. ದಡದಿಂದ ನೋಡಿದರೆ ಚುಕ್ಕಿ ಚುಕ್ಕಿಯಾಗಿಯೇ ಕಂಡಿತು. ಕೆರೆದ. ತೊಗರಿ ಕಾಳಿನಷ್ಟು ಇಟ್ಟಾಗ ಸೀರೆ ಮೊದಲ ಸಲ ಮಿನುಗಿತು. ಗಲ್ಲದ ನೆರಳಿಗೆ ಕಾಡಿಗೆ ಬೆರೆಸಲಿಲ್ಲ, ಹಳದಿ ಚುಕ್ಕಿಗಳ ನಡುವೆ ನೀಲಿ ಚುಕ್ಕಿ ಇಟ್ಟ. ಒಂದಿಷ್ಟು ಇಡುವುದು, ತೆಪ್ಪ ದೂಡಿಕೊಂಡು ದಡಕ್ಕೆ ಹೋಗಿ ನೋಡುವುದು, ತಿರುಗಿ ಬಂದು ಒಂದೆರಡು ಅಳಿಸುವುದು. ಮಳೆಗಾಲ ಮುಗಿದು ಚಳಿಗಾಲ ಬಂತು. ಅವನು ಹಟ ಬಿಡಲಿಲ್ಲ.

ಪರೀಕ್ಷೆಯ ದಿನ ಯಜಮಾನರು ತೆಪ್ಪ ಹತ್ತಿದರು. ಬಿಸಿಲಿಗೆ ತಲೆಯ ಮೇಲೆ ವಸ್ತ್ರ ಎಳೆದುಕೊಂಡು ಗೋಡೆ ಮುಟ್ಟುವವರೆಗೆ ಬಗ್ಗಿಯೇ ಕೂತಿದ್ದರು. ಆಮೇಲೆ ಎದ್ದು, ಎಂದಿನಂತೆ ಒಂದು ಗೇಣು ದೂರದಲ್ಲಿ ಮುಖವಿಟ್ಟು ನೋಡಿದರು.

“ಏನೋ ಇದು? ಗೋಡೆಗೆ ದಡಾರ ಬಂದಿದೆಯೇ?”

“ಯಜಮಾನರೇ, ಆಚೆ ದಡದಿಂದ ಒಮ್ಮೆ ನೋಡಬೇಕು.”

“ನಲವತ್ತು ವರ್ಷ ಇಲ್ಲಿಂದಲೇ ನೋಡಿದ್ದೇನೆ. ನಿನ್ನ ಚುಕ್ಕಿಗಾಗಿ ನಾನು ಹಿಂದೆ ಸರಿಯಬೇಕೋ? ಕೆರೆದುಹಾಕು. ಕುಂಚ ಈಚೆ ಕೊಡು.”

ಮೌನಪ್ಪ ಕುಂಚ ಕೊಡಲಿಲ್ಲ. “ಕಣ್ಣು ಬರೆದಾಗಿದೆ” ಎಂದ.

ಯಜಮಾನರು ತಲೆಯೆತ್ತಿದರು. ಹೌದು, ಕಣ್ಣು ಬರೆದಾಗಿತ್ತು. ಕಣ್ಣು ಬರೆಯುವವರೆಗೆ ಅದು ಗೋಡೆ. ಬರೆದ ಮೇಲೆ ದೇವಿ. ತಪ್ಪುಗಾಣಿಕೆ ಇಡದೆ ಕೆರೆಯುವಂತಿಲ್ಲ, ಬೆನ್ನು ತೋರಿಸುವಂತಿಲ್ಲ. ತನಗಾಗಿ ಯಜಮಾನರು ಹಿಂದೆ ಸರಿಯುವುದಿಲ್ಲ, ದೇವಿಗಾಗಿ ಸರಿಯುತ್ತಾರೆ ಎಂದು ಮೌನಪ್ಪನಿಗೆ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆ ಎದ್ದವನೇ ಕಣ್ಣು ಬರೆದುಬಿಟ್ಟಿದ್ದ.

“ನಾಳೆ ತಪ್ಪುಗಾಣಿಕೆ ಇಟ್ಟು ಕೆರೆಸುತ್ತೇನೆ. ನಡೆ” ಎಂದು ಯಜಮಾನರು ದೇವಿಗೆ ಮುಖ ಮಾಡಿಯೇ ಕೂತರು. ಮೌನಪ್ಪ ತೆಪ್ಪವನ್ನು ಮೆಲ್ಲಗೆ ಹಿಂದಕ್ಕೆ ದೂಡಿದ.

ಗೋಡೆಯ ಬುಡ ಬಿಡುವಾಗ ಯಜಮಾನರು ಬೈಯುತ್ತಿದ್ದರು. ಹೊಂಡದ ನಡುವೆ ಬರುವ ಹೊತ್ತಿಗೆ ಬೈಗುಳ ನಿಂತಿತು. ದಡ ತಾಗಿದರೂ ಅವರು ಇಳಿಯಲಿಲ್ಲ.

“ಇನ್ನೊಮ್ಮೆ ಹತ್ತಿರ ಕರೆದುಕೊಂಡು ಹೋಗು” ಎಂದರು.

ಹತ್ತಿರ ಹೋದರೆ ಚುಕ್ಕಿ. ದೂರ ಬಂದರೆ ಗಂಗಮ್ಮ. ಮೂರು ಸಲ ಹೋಗಿ ಮೂರು ಸಲ ಬಂದರು. ಕೊನೆಗೆ ಯಜಮಾನರು ಮೆಲ್ಲಗೆ ಕೇಳಿದರು.

“ಆ ಸೀರೆಯ ನೇರಳೆಯನ್ನು ಯಾವ ಕಲ್ಲಿನ ಮೇಲೆ ಅರೆದೆಯಪ್ಪ?”

“ನಾನು ಅರೆದಿಲ್ಲ, ಯಜಮಾನರೇ. ಅದು ನಿಮ್ಮ ಕಣ್ಣಿನಲ್ಲೇ ಆಗುತ್ತಿದೆ.”

ಯಜಮಾನರು ದಡಕ್ಕೆ ಇಳಿದರು. ಕುಂಚದ ಮಾತು ಮತ್ತೆ ಎತ್ತಲಿಲ್ಲ. ಬಿಂದಿಗೆ ಹೊತ್ತು ಬಂದಿದ್ದ ಮುದುಕಿಯೊಬ್ಬಳು ಆಚೆ ಗೋಡೆಗೆ ಕೈಮುಗಿಯುತ್ತಿದ್ದಳು. ಅವರೂ ಅವಳ ಪಕ್ಕ ನಿಂತು ಕೈಮುಗಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಅವನು ಗಡಿಬಿಡಿಯಿಂದ ಗಂಟು ಬಿಚ್ಚಿ, ಇದ್ದುದರಲ್ಲಿ ಸಣ್ಣ ಕುಂಚವನ್ನು ಆರಿಸಿ ತೆಗೆದ.

“ತಿಳಿಯಿತು ಗುರುಗಳೇ! ನಾಳೆಯಿಂದ ನಾನೂ ಚುಕ್ಕಿ ಇಟ್ಟೇ ಬರೆಯುತ್ತೇನೆ.”

ಗುರುಗಳು ಕೇಳಿದರು, “ಅವನ ಮುಂದೆ ಹೊಂಡವಿತ್ತು, ನಿನ್ನ ಮುಂದೆ ಏನಿದೆ?”

ಶಿಷ್ಯ ಕುಂಚವನ್ನು ಕೆಳಗಿಟ್ಟು, ತಲೆಯೆತ್ತಿ ತನ್ನ ಮುಂದೆ ನೋಡಿದ.